ಕಣಿವೆ ರಸ್ತೆ ಮೊದಲು ಕ್ಯಾರಿಯರ್ ಇರುವ ಸೈಕಲ್ಲಿಗೆ

ಹಿಂಗಾರು ಬಿದ್ದು ಗುಡ್ಡ ಹಸಿರಾದ ಕೂಡಲೇ ನಮ್ಮ ಸೀಮೆ ಬಗ್ಗೆ ಒಂದು ಮಾತು ಶುರುವಾಗುತ್ತದೆ. ‘ಚಿಕ್ಕನಾಯಕನಹಳ್ಳಿ ಕಡೆ ಎಂಥಾ ಸೈಕ್ಲಿಂಗ್ ರೂಟ್ ಇದೆ, ಯಾರಿಗೂ ಗೊತ್ತೇ ಇಲ್ಲ’ ಅಂತ. ಗೊತ್ತಿಲ್ಲದಿರುವುದು ಯಾರಿಗೆ ಸ್ವಾಮಿ? ಮದಲಿಂಗನ ಕಣಿವೆಯ ಏರು ಎಷ್ಟು ಅಂತ ಆ ಕಡೆಯ ಹಳ್ಳಿಗಳವರ ಮೊಣಕಾಲನ್ನು ಕೇಳಿ, ಹೇಳುತ್ತದೆ.

ಬೆಂಗಳೂರಿನಿಂದ ಸೈಕಲ್ ತುಳಿದು ಬರುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬರಲಿ. ನಂದಿ ಬೆಟ್ಟಕ್ಕೇ ಎಲ್ಲರೂ ಮುಗಿಬೀಳುವ ಬದಲು ತಿಪಟೂರಿಗೆ ಬರಲಿ. ಅರಳಗುಪ್ಪೆಯ ಹೊಯ್ಸಳ ಗುಡಿ ನೋಡಲಿ, ತೋಟದ ನೆರಳಿನಲ್ಲಿ ಎಳನೀರು ಕುಡಿಯಲಿ, ಹುಳಿಯಾರಿನ ಆಚೆ ಬೋರನಕಣಿವೆ ಕೆರೆಯ ಏರಿ ಮೇಲೆ ಕೂತು ಸುಧಾರಿಸಿಕೊಳ್ಳಲಿ. ನನ್ನ ತಕರಾರು ಇರುವುದು ಆ ಮಾತಿನ ಬಾಲದಲ್ಲಿ ಬರುವ ಇನ್ನೊಂದು ಮಾತಿನ ಮೇಲೆ: ‘ಇಲ್ಲಿ ಸೈಕ್ಲಿಂಗ್ ಸಂಸ್ಕೃತಿ ಬೆಳೆಸಬೇಕು.’ ಇಲ್ಲದ್ದನ್ನು ಬೆಳೆಸಬೇಕು, ಇದ್ದದ್ದನ್ನು ಉಳಿಸಬೇಕು. ಕೊಬ್ಬರಿ ಸೀಮೆಯಲ್ಲಿ ಸೈಕಲ್ ಇತ್ತು, ಈಗಲೂ ಇದೆ. ಹಿಂದೆ ಕ್ಯಾರಿಯರ್ ಇರುವುದರಿಂದ ಅದು ಯಾರ ಕಣ್ಣಿಗೂ ‘ಸೈಕ್ಲಿಂಗ್’ ಥರ ಕಾಣುವುದಿಲ್ಲ, ಅಷ್ಟೇ.

ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನ್ ನೇತುಹಾಕಿಕೊಂಡು ಹೋಗುವವರು, ಕಾಯಿ ಸುಲಿಯುವ ಸಾಮಾನು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಕೂಲಿಯವರು, ಸೋಗೆ ಹೊರೆ ಹೇರಿಕೊಂಡು ತಳ್ಳಿಕೊಂಡು ಬರುವವರು, ಹೈಸ್ಕೂಲಿಗೆ ಹೊರಟ ಮಕ್ಕಳು. ಇವರದೂ ರೂಟೇ. ಇವರಿಗೂ ಏರು ಏರೇ, ಇಳಿಜಾರು ಇಳಿಜಾರೇ.

ಒಂದು ಸಣ್ಣ ಲೆಕ್ಕ ಹಾಕೋಣ. ಗುಡ್ಡಗಾಡಿನ ರಸ್ತೆಗೆ ನಮ್ಮ ಇಂಜಿನಿಯರುಗಳು ಸಾಮಾನ್ಯವಾಗಿ ಒಪ್ಪುವ ಏರು ನೂರಕ್ಕೆ ಐದು. ಅಂದರೆ 100 ಮೀಟರ್ ಮುಂದೆ ಹೋದರೆ 5 ಮೀಟರ್ ಮೇಲೆ. 55 ಕೆ.ಜಿ. ಆಳು, 20 ಕೆ.ಜಿ. ಕರಿ ಸೈಕಲ್, 25 ಕೆ.ಜಿ. ಹೊರೆ, ಒಟ್ಟು 100 ಕೆ.ಜಿ. ಇಂಥ ಏರಿನಲ್ಲಿ 2 ಕಿ.ಮೀ. ಹೋದರೆ ಆ ಭಾರವನ್ನು 100 ಮೀಟರ್ ಎತ್ತಿದ ಹಾಗೆ. ಸುಮಾರು ಮೂವತ್ತು ಅಂತಸ್ತಿನ ಕಟ್ಟಡದ ನೆತ್ತಿಗೆ ಸಾಗಿಸಿದ ಹಾಗೆ, ಅದೂ ಗೇರ್ ಇಲ್ಲದ ಸೈಕಲ್ಲಿನಲ್ಲಿ. 8 ಕೆ.ಜಿ. ಸೈಕಲ್ಲಿನಲ್ಲಿ, ಗೇರ್ ಇಳಿಸಿಕೊಂಡು, ಭಾನುವಾರಕ್ಕೊಮ್ಮೆ ಇದನ್ನು ಮಾಡಿದರೆ ಸಾಹಸ. ಸೋಮವಾರದಿಂದ ಶನಿವಾರದವರೆಗೆ ಮಾಡಿದರೆ ಬಡತನ. ಈ ಭಾಷೆಯೇ ನನಗೆ ಒಪ್ಪಿಗೆಯಿಲ್ಲ.

ಈ ರಸ್ತೆಗಳಿಂದ ಸೈಕಲ್ಲಿನವರನ್ನು ಓಡಿಸಿದ್ದು ಯಾರು ಅಂತಲೂ ನೆನಪಿರಲಿ. ನಮ್ಮ ಗುಡ್ಡಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ಗಣಿಗಾರಿಕೆಯ ಭರಾಟೆಯಲ್ಲಿ ಅದಿರಿನ ಲಾರಿಗಳು ಓಡಿ ತೆಂಗಿನ ಗರಿಯೆಲ್ಲ ಕೆಂಪಾದವು, ರಸ್ತೆ ಅಂಚು ಕಿತ್ತುಹೋಯಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಗೆ ಹಾಕಿದ್ದ ಗಣಿ ತಡೆಯನ್ನು ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ವಿಸ್ತರಿಸಿತು. 2013ರಲ್ಲಿ ಷರತ್ತುಗಳ ಮೇಲೆ ಮತ್ತೆ ಅವಕಾಶ ಸಿಕ್ಕಿತು. ಲಾರಿಯ ಹಾವಳಿ ಒಮ್ಮೆ ಕಂಡ ಅಪ್ಪ ಅಮ್ಮ ಮಗಳ ಕೈಗೆ ಸೈಕಲ್ ಕೊಟ್ಟು ‘ಹೋಗಿ ಬಾ’ ಅನ್ನುವುದು ಸುಲಭವಲ್ಲ. ಸೈಕಲ್ ಸಂಸ್ಕೃತಿ ಹಾಳಾಗುವುದು ಹೀಗೆ, ಜನರಿಗೆ ಆಸಕ್ತಿ ಇಲ್ಲದೆ ಅಲ್ಲ.

ಗಣಿಯಿಂದ ನೊಂದ ಜಿಲ್ಲೆಗಳ ಪುನಶ್ಚೇತನಕ್ಕೆ ಅಂತಲೇ ಸಾವಿರಾರು ಕೋಟಿ ರೂಪಾಯಿ ಕೂಡಿಬಿದ್ದಿದೆ, ಅದಕ್ಕೊಂದು ನಿಗಮವೂ ಇದೆ. ಆ ದುಡ್ಡಿನಲ್ಲಿ ರಸ್ತೆಗೂ ಪಾಲಿದೆ. ಆದರೆ ರಸ್ತೆ ಅಂದಾಗ ನಮ್ಮವರ ತಲೆಯಲ್ಲಿ ಬರುವುದು ಲಾರಿ ಓಡುವ ರಸ್ತೆ. ಅದಿರಿನ ದುಡ್ಡಿನಲ್ಲಿ ಮತ್ತೆ ಅದಿರಿನ ಲಾರಿಗೇ ದಾರಿ ಅಗಲ ಮಾಡಿದರೆ ಪುನಶ್ಚೇತನ ಯಾರದ್ದಾಯಿತು?

ಹೆದ್ದಾರಿಗಳ ಕಥೆ ಇನ್ನೊಂದು. ತಿಪಟೂರು ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 73 ಮುಂದೆ ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ ಮೇಲೆ 150ಎ ಹೋಗುತ್ತದೆ. ದೂರದ ಸವಾರರಿಗೆ ಇವು ನಕ್ಷೆಯ ಗೆರೆಗಳು. ನಮಗೆ ಇವು ಮನೆಗೂ ತೋಟಕ್ಕೂ, ಮನೆಗೂ ಸ್ಕೂಲಿಗೂ ನಡುವೆ ದಾಟಬೇಕಾದ ಹೊಳೆ ಇದ್ದ ಹಾಗೆ. ಚತುಷ್ಪಥ ಅಂದ ಕೂಡಲೇ ಡಿವೈಡರ್ ಬರುತ್ತದೆ. ಎದುರಿನ ತೋಟಕ್ಕೆ ಹೋಗಲು ಎಷ್ಟೋ ದೂರ ಸುತ್ತಬೇಕು, ಇಲ್ಲವೇ ರಾಂಗ್ ಸೈಡಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಬೇಕು. ಆಮೇಲೆ ‘ಹಳ್ಳಿಯವರಿಗೆ ಟ್ರಾಫಿಕ್ ಸೆನ್ಸ್ ಇಲ್ಲ’ ಅಂತ ಬೈಸಿಕೊಳ್ಳಬೇಕು. ಸೈಕಲ್ ಪಥ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ. ಅರವತ್ತು ವರ್ಷ ಕಳೆದರೂ ಅದು ಪುಸ್ತಕದಿಂದ ಇಳಿದು ನಮ್ಮ ರಸ್ತೆಗೆ ಬಂದಿಲ್ಲ.

ಸರ್ಕಾರ ಸೈಕಲ್ ಕೊಡಲಿಲ್ಲವೇ ಅಂತ ಕೇಳಬಹುದು. ಕೊಟ್ಟಿತು. 2006-07ರಲ್ಲಿ ಶುರುವಾದ ಯೋಜನೆ ಎಂಟನೇ ತರಗತಿಯ ಮಕ್ಕಳನ್ನು ಪೆಡಲಿನ ಮೇಲೆ ಕೂರಿಸಿತು. ಸೈಕಲ್ಲಿನ ಗುಣಮಟ್ಟದ ಬಗ್ಗೆ ಎಷ್ಟೇ ದೂರಿದ್ದರೂ, ಒಂದು ಇಡೀ ತಲೆಮಾರಿನ ಹೆಣ್ಣುಮಕ್ಕಳು ಯಾರನ್ನೂ ಕಾಯದೆ ಹೈಸ್ಕೂಲಿಗೆ ಹೋಗುವುದನ್ನು ಅದರಿಂದ ಕಲಿತರು. ಕೋವಿಡ್ ಬಂತು, ಸೈಕಲ್ ನಿಂತಿತು. ಶಾಲೆ ಬಾಗಿಲು ತೆರೆದ ಮೇಲೂ ವರ್ಷಗಟ್ಟಲೆ ಹೊಸ ಸೈಕಲ್ ಬರಲಿಲ್ಲ.

‘2023ರಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಬಸ್ಸೇ ಬಿಟ್ಟಿ, ಸೈಕಲ್ ಯಾಕೆ?’ ಅನ್ನುವವರಿದ್ದಾರೆ. ಶಕ್ತಿ ಯೋಜನೆ ಒಳ್ಳೆಯದೇ, ನಾನು ಅದರ ವಿರೋಧಿಯಲ್ಲ. ಆದರೆ ಬಿಟ್ಟಿಯಾಗಿರುವುದು ಟಿಕೆಟ್. ಬಸ್ಸು ಬಂದರೆ ತಾನೇ ಟಿಕೆಟ್ಟು? ಗುಡ್ಡದ ಬುಡದ ಹಳ್ಳಿಗೆ ಬಸ್ಸು ಬರುವ ಹೊತ್ತಿಗೂ ಸ್ಪೆಷಲ್ ಕ್ಲಾಸ್ ಮುಗಿಯುವ ಹೊತ್ತಿಗೂ ಹೊಂದದಿದ್ದರೆ ಹುಡುಗಿ ಏನು ಮಾಡಬೇಕು? ಬಸ್ಸು ಬೇಕು, ಸೈಕಲ್ಲೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಿತ್ತುಕೊಳ್ಳುವುದು ಬೇಡ.

ಇನ್ನು ಕ್ರೀಡೆ ಬೆಳೆಸಬೇಕು ಅನ್ನುವವರಿಗೆ ಒಂದು ಮಾತು. ನೈರೊ ಕ್ವಿಂಟಾನಾ ಹೆಸರು ನೀವು ಕೇಳಿರುತ್ತೀರಿ. ಕೊಲಂಬಿಯಾದ ಬೆಟ್ಟದೂರಿನ ರೈತರ ಮಗ. ಸ್ಕೂಲು ಸುಮಾರು 16 ಕಿ.ಮೀ. ದೂರ. ಅಪ್ಪ ಕೊಡಿಸಿದ ಹಳೇ ಸೈಕಲ್ಲಿನಲ್ಲಿ ಬೆಳಗ್ಗೆ ಇಳಿಜಾರು, ಸಂಜೆ ಏರು. ಅದೇ ಹುಡುಗ 2014ರಲ್ಲಿ ಇಟಲಿಯ ಜೀರೊ, 2016ರಲ್ಲಿ ಸ್ಪೇನಿನ ವುಎಲ್ಟಾ ಗೆದ್ದ. ಅಷ್ಟು ದೂರ ಯಾಕೆ, ನಮ್ಮ ರಾಜ್ಯದ ಸೈಕ್ಲಿಸ್ಟುಗಳಲ್ಲಿ ಎಷ್ಟೋ ಮಂದಿ ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿ ಮಕ್ಕಳು. ಅಲ್ಲಿ ಕ್ರೀಡಾ ವಸತಿ ನಿಲಯಗಳಿವೆ, ಮಕ್ಕಳನ್ನು ಗುರುತಿಸುವ ಕಣ್ಣುಗಳಿವೆ. ನಮ್ಮಲ್ಲಿ ಏರು ಇದೆ, ತುಳಿಯುವ ಕಾಲುಗಳೂ ಇವೆ. ಗುರುತಿಸುವವರು ಮಾತ್ರ ಭಾನುವಾರ ಬಂದ ಅತಿಥಿಗಳ ಫೋಟೊ ತೆಗೆಯುತ್ತಿದ್ದಾರೆ.

ಹಾಗಾದರೆ ಏನು ಮಾಡಬೇಕು? ಆಕಾಶಕ್ಕೆ ಏಣಿ ಹಾಕಬೇಕಿಲ್ಲ. ಏರು ಹತ್ತುವ ಸೈಕಲ್ ನಿಧಾನ, ಓಲಾಡುತ್ತದೆ, ಅದಕ್ಕೆ ಹೆಚ್ಚು ಜಾಗ ಬೇಕು. ಆದ್ದರಿಂದ ಕಣಿವೆ ರಸ್ತೆಗಳಲ್ಲಿ ಮೊದಲು ಹತ್ತುವ ಬದಿಗಾದರೂ ಡಾಂಬರಿನ ಅಂಚನ್ನು ಅಗಲ ಮಾಡಿ ಬಿಳಿ ಗೆರೆ ಹಾಕಿ. ಇಳಿಯುವ ಬದಿಯ ತಿರುವುಗಳಲ್ಲಿ ಜಲ್ಲಿ ಗುಡಿಸಿ; ಸವೆದ ಬ್ರೇಕಿನ ಸೈಕಲ್ಲಿಗೆ ಒಂದು ಹಿಡಿ ಜಲ್ಲಿ ಸಾಕು. ಸ್ಕೂಲು ಶುರುವಾಗುವ, ಬಿಡುವ ಹೊತ್ತಿನಲ್ಲಿ ಅದಿರಿನ ಲಾರಿ ನಿಲ್ಲಿಸಿ. ಹೆದ್ದಾರಿಯಲ್ಲಿ ಹೈಸ್ಕೂಲಿರುವ ಕಡೆಯಲ್ಲೆಲ್ಲ ಸೈಕಲ್ ದಾಟಲು ಕೆಳಸೇತುವೆ ಕೊಡಿ. ಎಂಟನೇ ತರಗತಿಗೆ ಸೈಕಲ್ ಕೊಡಿ. ಖರ್ಚಿಗೆ ಗಣಿ ದುಡ್ಡಿದೆ.

ಇಷ್ಟು ಮಾಡಿದ ದಿನ ಬೆಂಗಳೂರಿನ ಸವಾರರಿಗೆ ಬೇರೆ ರೂಟ್ ಮಾಡಿಕೊಡುವ ಕೆಲಸವೇ ಇರುವುದಿಲ್ಲ. ಹೈಸ್ಕೂಲ್ ಹುಡುಗಿ ಹೆದರದೆ ತುಳಿಯುವ ರಸ್ತೆಯಲ್ಲಿ ಯಾರು ಬೇಕಾದರೂ ತುಳಿಯಬಹುದು. ಅತಿಥಿಗೆ ಅಂತ ಮಾತ್ರ ಮಾಡಿದ ರಸ್ತೆಯಲ್ಲಿ ಆಕೆಗೆ ಜಾಗ ಸಿಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆಯ ಮಾತು ಬಂದಾಗ ಈ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಸೈಕಲ್ಲಿಗೆ ಎಷ್ಟು ಅಡಿ? ಉತ್ತರ ಬರುವವರೆಗೂ ಕೂರಬೇಡಿ.