ಎಂಟು ಜೆರ್ಸಿ ತೊಟ್ಟವನು

ಆಟಗಾರನೊಬ್ಬ ಪದೇ ಪದೇ ಕ್ಲಬ್ ಬದಲಿಸಿದರೆ ಅಭಿಮಾನಿಗಳು ಹೇಳುವ ಕಾರಣ ಎರಡೇ: ಒಂದೋ ಹಣದಾಸೆ, ಇಲ್ಲವೇ ಅವನ ಆಟದಲ್ಲೇ ಏನೋ ಕೊರತೆ. ಅರ್ಜೆಂಟೀನಾದ ಫುಟ್‌ಬಾಲ್ ಮಿಡ್‌ಫೀಲ್ಡರ್ ಹುವಾನ್ ಸೆಬಾಸ್ಟಿಯನ್ ವೆರೋನ್ ಎಂಟು ವೃತ್ತಿಪರ ಕ್ಲಬ್‌ಗಳಿಗೆ ಆಡಿದ. ಅವನ ಮೇಲೂ ಈ ಎರಡು ಆರೋಪಗಳಿವೆ. ನನಗೆ ಎರಡೂ ಅರೆಬರೆ ಅನ್ನಿಸುತ್ತವೆ.

ಮೊದಲು ಹಣದ ಮಾತು. ದಕ್ಷಿಣ ಅಮೆರಿಕದ ಕ್ಲಬ್‌ಗಳು ಬದುಕುವುದೇ ಬೆಳೆಸಿದ ಹುಡುಗರನ್ನು ಮಾರಿ. ಲಾ ಪ್ಲಾಟಾದ ಎಸ್ಟುಡಿಯಾಂಟೆಸ್‌ನಿಂದ ಬೋಕಾ ಜೂನಿಯರ್ಸ್‌ಗೆ, ಅದೇ ವರ್ಷ, 1996ರಲ್ಲಿ, ಇಟಲಿಯ ಸಂಪ್‌ಡೋರಿಯಾಗೆ ವೆರೋನ್ ಹೋದದ್ದು ಈ ವ್ಯವಹಾರದ ದಾರಿಯಲ್ಲೇ. ಮಾರುವವರನ್ನು ಬಿಟ್ಟು ಮಾರಾಟವಾದವನ ನಿಷ್ಠೆಯನ್ನಷ್ಟೇ ಪ್ರಶ್ನಿಸುವುದು ವಿಚಿತ್ರ.

ಇನ್ನು ಆಟದ ಮಾತು. ಗೋಲು ಹೊಡೆಯುವವನ ಲೆಕ್ಕ ಸುಲಭ. ಎಲ್ಲಿಗೆ ಹೋದರೂ ಗೋಲುಪೆಟ್ಟಿಗೆ ಒಂದೇ ಅಳತೆಯದು. ಮಿಡ್‌ಫೀಲ್ಡರನ ಪಾಸ್ ಸಾರ್ಥಕವಾಗಲು ಮಾತ್ರ ಇನ್ನೊಬ್ಬ ಸರಿಯಾದ ಹೊತ್ತಿಗೆ ಓಡಬೇಕು, ಮತ್ತೊಬ್ಬ ಹಿಂದೆ ನಿಂತು ಚೆಂಡು ಕಸಿದುಕೊಡಬೇಕು. ಮುಂದೆ ಅವನು ಸೇರಿದ ಇಟಲಿಯ ಲಾಜಿಯೋದಲ್ಲಿ ಆ ಕೆಲಸಕ್ಕೆ ಸಿಮಿಯೋನೆ, ಅಲ್ಮೇಡಾ ಇದ್ದರು. ಸಂಪ್‌ಡೋರಿಯಾದ ದಿನಗಳಿಂದಲೇ ವೆರೋನ್‌ನ ಆಟ ಬಲ್ಲ ಎರಿಕ್ಸನ್ ಇಲ್ಲೂ ಕೋಚ್ ಆಗಿದ್ದ. 2000ದಲ್ಲಿ ಲಾಜಿಯೋ ಇಟಲಿಯ ಲೀಗ್ ಗೆದ್ದಿತು. ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಅವನಿಗಾಗಿ 2.81 ಕೋಟಿ ಪೌಂಡ್ ಸುರಿಯಿತು; ಆಗಿನ ಮಟ್ಟಿಗೆ ಅದು ಬ್ರಿಟನ್ನಿನ ದಾಖಲೆ. (1968ರಲ್ಲಿ ಇದೇ ಯುನೈಟೆಡ್ ವಿರುದ್ಧ, ಅದರ ಮೈದಾನದಲ್ಲೇ, ಎಸ್ಟುಡಿಯಾಂಟೆಸ್ ಪರ ಗೋಲು ಹೊಡೆದಿದ್ದವನು ಅವನ ಅಪ್ಪ ಹುವಾನ್ ರಾಮೋನ್.) ಆದರೆ ಅಲ್ಲಿ ಆಟದ ನಡುಭಾಗವನ್ನು ಕೀನ್ ಮತ್ತು ಸ್ಕೋಲ್ಸ್ ಆಗಲೇ ಆಳುತ್ತಿದ್ದರು. ಹೊಸಬನಿಗೆ ಜಾಗ ಮಾಡಲು ಕೋಚ್ ಫರ್ಗ್ಯುಸನ್ ಸ್ಕೋಲ್ಸ್‌ನನ್ನು ಮುಂದಕ್ಕೆ ಸರಿಸಿದ. ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಬಿಚ್ಚಿಟ್ಟಂತಾಯಿತು. ತಪ್ಪಿದ್ದು ಹೊಂದಾಣಿಕೆ, ಹೆಸರು ಕೆಟ್ಟದ್ದು ವೆರೋನ್‌ನದು.

ಯುನೈಟೆಡ್ ಬಿಟ್ಟು ಹೋದ ಚೆಲ್ಸಿಯಲ್ಲಿ ಗಾಯಗಳು ಕಾಡಿದವು. ಲೀಗಿನಲ್ಲಿ ಆಡಿದ್ದು ಏಳೇ ಪಂದ್ಯ. ಅಲ್ಲಿಗೆ ಹೋದದ್ದರ ಹಿಂದೆ ಹಣದ ಪಾಲಿರಲಿಲ್ಲ ಎಂದು ನಾನು ವಾದಿಸಲಾರೆ. ಆಮೇಲೆ ಇಟಲಿಯ ಇಂಟರ್‌ನಲ್ಲಿ ಎರಡು ವರ್ಷ ಎರವಲು ಆಟಗಾರನಾಗಿ ಕಳೆದು, 2006ರಲ್ಲಿ ಎಸ್ಟುಡಿಯಾಂಟೆಸ್‌ಗೆ ಮರಳಿದ. ಹಣವೊಂದೇ ಗುರಿಯಾಗಿದ್ದರೆ ಮರಳಬೇಕಾದ ಜಾಗ ಅದಲ್ಲ.

ಅಲ್ಲಿ ತಂಡವೇ ಅವನ ಪಾಸ್‌ಗಳ ಸುತ್ತ ಕಟ್ಟಿಕೊಂಡಿತು. ಅದೇ ವರ್ಷ ಕ್ಲಬ್ ಅರ್ಜೆಂಟೀನಾದ ಲೀಗ್ ಗೆದ್ದಿತು, 1983ರ ನಂತರ ಮೊದಲ ಬಾರಿ. ಕೋಚ್, ಲಾಜಿಯೋದ ಅದೇ ಸಿಮಿಯೋನೆ. 2009ರಲ್ಲಿ ಬ್ರೆಜಿಲ್‌ನ ಕ್ರುಝೇರೋ ತಂಡವನ್ನು ಅದರ ಊರಲ್ಲೇ 2-1ರಿಂದ ಸೋಲಿಸಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಲಿಬರ್ಟಡೋರೆಸ್ ಕಪ್ ಎತ್ತಿತು. ಆಗ ವೆರೋನ್‌ಗೆ 34. ಇಂಗ್ಲೆಂಡಿನಲ್ಲಿ ಮುಗಿದ ಕಥೆ ಎನ್ನಿಸಿಕೊಂಡಿದ್ದ ಈತನೇ 2008 ಮತ್ತು 2009, ಎರಡೂ ಸಾಲಿನಲ್ಲಿ ದಕ್ಷಿಣ ಅಮೆರಿಕದ ವರ್ಷದ ಆಟಗಾರ.