ತೇಲುವ ತೈಲದ ತೆರವು: ಉಳ್ಳಾಲದ ಕಡಲು, ಮಡಿವಾಳದ ಕೆರೆ

2022ರ ಜೂನ್ ತಿಂಗಳಲ್ಲಿ ಉಳ್ಳಾಲ ಸಮೀಪದ ಸಮುದ್ರದಲ್ಲಿ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿದಾಗ, ತೈಲ ಸೋರಿಕೆಯ ಮುನ್ನೆಚ್ಚರಿಕೆಯಾಗಿ ಭಾರತೀಯ ತಟರಕ್ಷಣಾ ಪಡೆಯು ‘ಸಮುದ್ರ ಪಾವಕ್’ ಮಾಲಿನ್ಯ ನಿಯಂತ್ರಣ ನೌಕೆಯನ್ನು ನಿಯೋಜಿಸಿತು. ಇಂತಹ ನೌಕೆಗಳು ಬೂಮ್ ಎಂಬ ತೇಲುವ ತಡೆಯಿಂದ ತೈಲವನ್ನು ಸುತ್ತುವರಿದು, ಸ್ಕಿಮ್ಮರ್ ಯಂತ್ರದ ಮೂಲಕ ನೀರಿನ ಮೇಲಿಂದ ಸಂಗ್ರಹಿಸುತ್ತವೆ. ಪದರವು ತೆಳುವಾದಷ್ಟೂ ಯಂತ್ರಕ್ಕೆ ತೈಲಕ್ಕಿಂತ ನೀರೇ ಹೆಚ್ಚು ದೊರೆಯುತ್ತದೆ.

ಈ ಮಿತಿಯು ನಗರದ ಕೆರೆಗಳಿಗೂ ಅನ್ವಯಿಸುತ್ತದೆ. ಬಿ.ಟಿ.ಎಂ. ಬಡಾವಣೆಯ ಚರಂಡಿಗೆ ಸುರಿದ ಎಂಜಿನ್ ಆಯಿಲ್ ಮಡಿವಾಳ ಕೆರೆಯಲ್ಲಿ ತೆಳುಪೊರೆಯಾಗಿ ಹರಡಿದರೆ ಯಂತ್ರದಿಂದ ತೆಗೆಯುವುದು ಕಷ್ಟಸಾಧ್ಯ. ಆ ನೀರು ಮುಂದೆ ಅಗರ, ಬೆಳ್ಳಂದೂರು ಕೆರೆಗಳತ್ತ ಹರಿಯುತ್ತದೆ. ಬಳಸಿದ ತೈಲವು 2016ರ ನಿಯಮಗಳನ್ವಯ ಅಪಾಯಕಾರಿ ತ್ಯಾಜ್ಯವಾಗಿದ್ದು, ಗ್ಯಾರೇಜು ಮಾಲೀಕರು ಅದನ್ನು ಅಧಿಕೃತ ಸಂಸ್ಥೆಗಳಿಗೆ ಮಾತ್ರ ನೀಡತಕ್ಕದ್ದು. ಈ ಕುರಿತ ಅರ್ಜಿ ಹಾಗೂ ದೂರುಗಳನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬಹುದು.