ಊರಿನ ಶಕ್ತಿಗೆ ಅಳತೆಗೋಲು ಯಾವುದು?



ಮಲೆನಾಡಿನ ಬೆಳೆಗಾರರಾದ ನಮಗೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಎಳೆಯ ಉಣುಗುಗಳು ತರಗೆಲೆಯಲ್ಲಿ ತುಂಬಿರುತ್ತವೆ. ತೋಟಕ್ಕೆ ಸೊಪ್ಪು, ದರಗು ತರಲು ಬೆಟ್ಟ ಹತ್ತುವುದೂ ಅದೇ ತಿಂಗಳುಗಳಲ್ಲಿ.

ಪ್ರತಿವರ್ಷವೂ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚಿಕೆಯಾಗುತ್ತದೆ, ಕರಪತ್ರ ಬರುತ್ತದೆ, ಸಭೆ ನಡೆಯುತ್ತದೆ. ಇವೆಲ್ಲವೂ ಬೇಕಾದ ಕೆಲಸಗಳೇ. ಆದರೆ ಬಾಟಲಿ ಇಷ್ಟು, ಸಭೆ ಇಷ್ಟು, ಹಾಜರಿ ಇಷ್ಟು ಎಂದು ಬರೆದಿಟ್ಟರೆ ಊರು ಜಾಗೃತವಾಯಿತೆಂದು ಅರ್ಥವೇ? ಎಷ್ಟು ಬ್ಯಾರೆಲ್ ಬೋರ್ಡೋ ದ್ರಾವಣ ಹೊಡೆದೆವು ಎಂಬ ಲೆಕ್ಕದಿಂದ ಕೊಳೆರೋಗ ನಿಂತಿತೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲವಷ್ಟೆ.

1978ರ ಆಲ್ಮಾ ಆಟಾ ಘೋಷಣೆ, ತಮ್ಮ ಆರೋಗ್ಯದ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಸಾರಿತು. 1986ರ ಒಟ್ಟಾವ ಸನ್ನದು, ಜನರು ತಮ್ಮ ಆರೋಗ್ಯದ ಮೇಲೆ ತಾವೇ ಹೆಚ್ಚು ಹಿಡಿತ ಸಾಧಿಸುವಂತೆ ಮಾಡುವುದೇ ಆರೋಗ್ಯ ಸಂವರ್ಧನೆ ಎಂದಿತು. ಹಾಗಾದರೆ ಅಳೆಯಬೇಕಾದುದು ಈ ಹಿಡಿತವನ್ನು.

ಇದಕ್ಕೊಂದು ಸರಳ ವಿಧಾನವನ್ನು ಸೂಸನ್ ರಿಫ್ಕಿನ್ ಮತ್ತು ಅವರ ಸಂಗಡಿಗರು 1988ರಲ್ಲಿ ಮುಂದಿಟ್ಟರು. ನಡುವಿನಿಂದ ಐದು ಗೆರೆ ಎಳೆಯುವುದು. ಒಂದೊಂದು ಗೆರೆಗೆ ಒಂದೊಂದು ಪ್ರಶ್ನೆ. ಊರಿಗೆ ಏನು ಬೇಕೆಂದು ಗುರುತಿಸಿದವರು ಯಾರು? ಮುಂದಾಳುಗಳು ಯಾರ ಪರವಾಗಿ ಮಾತನಾಡುತ್ತಾರೆ? ಸಂಘಟನೆ ಊರಿನದೋ, ಹೊರಗಿನಿಂದ ಹೇರಿದ್ದೋ? ಹಣ, ಶ್ರಮ ಒದಗಿಸಿ ಅದರ ಬಳಕೆಯನ್ನು ತೀರ್ಮಾನಿಸುವವರು ಯಾರು? ನಿರ್ವಹಣೆ ಯಾರ ಕೈಯಲ್ಲಿದೆ? ಪ್ರತಿ ಗೆರೆಯ ಮೇಲೆ 1ರಿಂದ 5ರವರೆಗೆ ಗುರುತು ಹಾಕಿ ಸೇರಿಸಿದರೆ ಜೇಡರ ಬಲೆಯಂಥ ಚಿತ್ರ ಮೂಡುತ್ತದೆ. ಬಲೆ ಎಲ್ಲಿ ಕುಗ್ಗಿದೆಯೋ ಅಲ್ಲಿ ಕೆಲಸ ಬಾಕಿ. ಇದು ನೆರೆಯೂರಿನೊಡನೆ ಪೈಪೋಟಿಗಲ್ಲ. ನಮ್ಮೂರು ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ನೋಡಿಕೊಳ್ಳಲು.

ಮಂಗನ ಕಾಯಿಲೆಗೆ ಇದನ್ನು ಹೊಂದಿಸಿ ನೋಡೋಣ. ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕೆಂದು ಊರೆಲ್ಲರಿಗೂ ಗೊತ್ತೇ? ಮಂಗ ಸತ್ತ ಜಾಗದಲ್ಲಿ ಸೊಪ್ಪು ತರುವುದನ್ನು ನಿಲ್ಲಿಸುವ ತೀರ್ಮಾನ ಮಾಡುವವರು ಯಾರು? 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಡಿ ಗ್ರಾಮ ಆರೋಗ್ಯ ಸಮಿತಿಗಳು ರಚನೆಯಾದವು. ಊರಿನ ಅಗತ್ಯಕ್ಕೆಂದು ವರ್ಷಕ್ಕೆ 10,000 ರೂಪಾಯಿವರೆಗೆ ನಿಧಿಯೂ ಗೊತ್ತಾಯಿತು. ನಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಹಣ ಯಾವುದಕ್ಕೆ ಖರ್ಚಾಯಿತು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಇಲ್ಲಿ ಒಂದು ಕಹಿ ಮಾತನ್ನೂ ಆಡಲೇಬೇಕು. ಗುರುತು ಹಾಕುವ ಸೀಮೆಸುಣ್ಣ ನಮ್ಮಂಥ ತೋಟದ ಯಜಮಾನರ ಕೈಯಲ್ಲೇ ಉಳಿದರೆ ಎಲ್ಲ ಗೆರೆಗೂ 5 ಬೀಳುವುದು ಖಂಡಿತ. ಉಣುಗು ಕಚ್ಚಿಸಿಕೊಳ್ಳುವವರು ದರಗು ಗುಡಿಸುವ ಕೂಲಿಯವರು, ಸೌದೆಗೆ ಹೋಗುವ ಹೆಂಗಸರು, ದನ ಕಾಯುವವರು. ಬೆಟ್ಟಕ್ಕೆ ಹೋಗುವುದು ಬೇಡವೆಂದರೆ ಆ ದಿನದ ಕೂಲಿ ತಪ್ಪುತ್ತದೆ. ಕೂಲಿಯನ್ನು ನಾವು ಕೊಡುತ್ತೇವೆಯೇ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಜಾಗೃತಿಯ ಮಾತು ಪೊಳ್ಳು. ಅವರು 1 ಎಂದಲ್ಲಿ ನಾವು 5 ಎಂದರೆ, ಆ ಅಂತರವೇ ನಾವು ತಿಳಿಯಬೇಕಾದ ನಿಜವಾದ ಅಳತೆ.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಚಳಿ ಆರಂಭವಾಗುವ ಮೊದಲು ಪ್ರತಿ ಊರಿನಲ್ಲೂ ಒಂದು ಸಂಜೆ ಎಲ್ಲರೂ ಕೂಡಿ ಈ ಬಲೆಯನ್ನು ಬರೆಯೋಣ. ಮೊದಲ ಗುರುತನ್ನು ಕೂಲಿಯವರಿಂದಲೇ ಹಾಕಿಸೋಣ. ಮಳೆ ಹಿಡಿದ ಮೇಲೆ ಇನ್ನೊಮ್ಮೆ ಬರೆದು ಎರಡನ್ನೂ ಹೋಲಿಸಿ ನೋಡೋಣ. ತಕ್ಕಡಿಯಲ್ಲಿ ಮೋಸವಾಗಬಾರದೆಂದೇ ಸಹಕಾರ ಸಂಘ ಕಟ್ಟಿದವರು ನಾವು. ಜನರ ಆರೋಗ್ಯದ ತಕ್ಕಡಿಗೂ ಅದೇ ನ್ಯಾಯ ಸಲ್ಲಬೇಡವೇ?